ನೂರಾ ಹದಿನೆಂಟನೆಯ ಬೆಸುಗೆ

ಎರಡು ಎಕ್ಸ್-ರೇ ಫಿಲ್ಮುಗಳನ್ನು ಒಂದರ ಮೇಲೊಂದಿಟ್ಟು ಬೆಳಕಿನ ಪೆಟ್ಟಿಗೆಗೆ ಒತ್ತಿ ಹಿಡಿದವಳ ಎದೆ ಧಸಕ್ಕೆಂದಿತು. ಎಣ್ಣೆ ಪೈಪಿನ ನೂರಾ ಹನ್ನೆರಡನೆಯ ಬೆಸುಗೆಯಲ್ಲಿ ಸಾಸಿವೆ ಕಾಳಿನಷ್ಟು ಎರಡು ಗುಳ್ಳೆ, ಪಕ್ಕದಲ್ಲೊಂದು ಬಾಗಿದ ಗೆರೆ. ನೂರಾ ಹದಿನೆಂಟರಲ್ಲೂ ಅದೇ ಗುಳ್ಳೆ, ಅದೇ ಗೆರೆ. ಅವಳಿ ಮಕ್ಕಳಿಗಾದರೂ ಒಂದು ಮಚ್ಚೆಯ ವ್ಯತ್ಯಾಸ ಇರುತ್ತದಪ್ಪ! ಒಂದೇ ಬೆಸುಗೆಗೆ, ಫಿಲ್ಮಿನಲ್ಲಿ ನಂಬರು ಮೂಡಿಸುವ ಸೀಸದ ಅಂಕಿ ಬದಲಿಸಿ, ಎರಡು ಸಲ ಎಕ್ಸ್-ರೇ ಹೊಡೆದಿದ್ದರು. ನಿಜವಾದ ನೂರಾ ಹದಿನೆಂಟನ್ನು ಯಾರೂ ನೋಡಿಯೇ ಇರಲಿಲ್ಲ. ಅದು ನದಿಯ ತಳದಲ್ಲಿ ಹೂತು ತಿಂಗಳಾಗಿತ್ತು. ಊರಿಗೆಲ್ಲ ಕುಡಿಯುವ ನೀರು ಆ ನದಿಯದೇ.

ಬೆಸುಗೆಗಳ ಫಿಲ್ಮು ಓದುವ ಈಕೆಗೆ ಕಂಪನಿಯಲ್ಲಿ ‘ಭೂತಗನ್ನಡಿ ಮೇಡಂ’ ಎಂದೇ ಹೆಸರು. ಆಕೆಯ ಸಹಿ ಬಿದ್ದರಷ್ಟೇ ಎಣ್ಣೆ ಬಿಡುವುದು. ಹನ್ನೊಂದಕ್ಕೆ ಮಂತ್ರಿಗಳು ಗುಂಡಿ ಒತ್ತಲು ಬರುವವರಿದ್ದರು. ಚುನಾವಣೆಗೆ ಮುಂಚೆ ‘ನನ್ನ ಹೆಣದ ಮೇಲೆ ಪೈಪು ಹಾಕಿ’ ಎಂದು ದಂಡೆಯಲ್ಲಿ ಮಲಗಿದ್ದ ಪುಣ್ಯಾತ್ಮ ಇವರೇ. ಕುರ್ಚಿ ಸಿಕ್ಕಿದ ಮೇಲೆ ಅದೇ ಪೈಪಿಗೆ ಸರ್ಕಾರದ ಅರ್ಧ ಪಾಲು ಹಾಕಿಸಿದರು. ಇವತ್ತು ಎಣ್ಣೆ ಹರಿಯದಿದ್ದರೆ ಬೆಂಬಲ ವಾಪಸು ಎಂದು ಮಿತ್ರಪಕ್ಷದವರು ಕೂತಿದ್ದರು.

ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. ಆಕೆ ಮೈದುನನನ್ನು ಕರೆಸಿದಳು. ಫಿಲ್ಮು ತೆಗೆದವನು ಅವನೇ. ಕೈಹಿಡಿದು ಕೆಲಸ ಕಲಿಸಿ, ಫಿಲ್ಮು ಓದುವ ಲೈಸೆನ್ಸಿನ ಪರೀಕ್ಷೆ ಪಾಸು ಮಾಡಿಸಿದವಳು ಈಕೆಯೇ.

“ಇದೇನೋ ಇದು?”

ಅವನು ಬೆಳಕಿನ ಪೆಟ್ಟಿಗೆಯತ್ತ ನೋಡಿ ತಲೆ ತಗ್ಗಿಸಿದ.

“ಅವತ್ತು ಹೊಳೇಲಿ ನೀರು ಏರ್ತಾ ಇತ್ತು ಅತ್ತಿಗೆ. ತಾರೀಖು ತಪ್ಪಬಾರದು, ಮೊದಲು ಪೈಪು ಇಳಿಸಿ ಅಂದ್ರು ಮ್ಯಾನೇಜರ್ರು. ನಾನೇನ್ ಮಾಡ್ಲಿ?”

“ನನ್ನ ಹತ್ರ ಒಂದ್ ಮಾತು ಹೇಳೋಕೆ ಏನಾಗಿತ್ತು ನಿಂಗೆ?”

“ಹೇಳಿದ್ರೆ ನೀವು ಬಿಡ್ತಿದ್ರಾ?” ಅವನು ಬಾಗಿಲತ್ತ ನೋಡಿದ. “ಈಗ ಈ ಮಾತು ಎತ್ತಿದ್ರೆ ನಾನು ಜೈಲಿಗೇ ಅತ್ತಿಗೆ. ಅಣ್ಣನ ಮುಖ ನೋಡಿಯಾದ್ರೂ...”

ಗಂಡನಿಗೆ ಏನೆಂದು ಹೇಳುವುದು? ಅಷ್ಟರಲ್ಲಿ ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತ ಒಳಬಂದರು.

“ಏನ್ ಮೇಡಂ, ಒಂದು ಸಹಿಗೆ ಇಡೀ ಸರ್ಕಾರ ಕಾಯ್ಬೇಕಾ?”

ಆಕೆ ಪೆನ್ನು ಎತ್ತಿಕೊಂಡಳು. ನೆಟ್ಟಗಿನ ಅಕ್ಷರದಲ್ಲಿ ಬರೆದಳು: ‘ನೂರಾ ಹದಿನೆಂಟು ತಿರಸ್ಕೃತ. ಅಗೆದು ಮತ್ತೆ ಪರೀಕ್ಷಿಸಬೇಕು.’ ಕೆಳಗೆ ಸಹಿ ಹಾಕಿದಳು.

ಮ್ಯಾನೇಜರು ಓದಿದರು. ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಳಿಸಿ, ಹೊಸ ನಮೂನೆಯೊಂದನ್ನು ಮೈದುನನ ಮುಂದಿಟ್ಟರು.

“ನಿನಗೂ ಲೈಸೆನ್ಸ್ ಇದೆಯಲ್ಲಪ್ಪಾ?”

“ಬೇಡ ಕಣೋ,” ಎಂದಳು ಆಕೆ. “ನನ್ನಾಣೆ, ಬೇಡ.”

ಅವನು ಆಕೆಯ ಮುಖ ನೋಡದೆ ಸಹಿ ಹಾಕಿದ.

ಅಂಗಳದಲ್ಲಿ ಭಾಷಣ ಮುಗಿದು ಚಪ್ಪಾಳೆ ಬಿತ್ತು. ಕಿಟಕಿಯಾಚೆಯ ಪೈಪು ಗುಂಯ್ ಎನ್ನತೊಡಗಿತು. ಎಣ್ಣೆ ನದಿ ಮುಟ್ಟಲು ನಾಲ್ಕು ಗಂಟೆ ಬೇಕು. ಆಕೆ ಸರ್ಕಾರಿ ತಪಾಸಣಾ ಕಚೇರಿಗೆ ಫೋನು ಹಚ್ಚಿದಳು. ಗಂಟೆ ಹೊಡೆದೇ ಹೊಡೆಯಿತು, ಯಾರೂ ಎತ್ತಲಿಲ್ಲ. ಆ ಕಚೇರಿಯವರೆಲ್ಲ ಅಂಗಳದಲ್ಲೇ ಕೂತಿದ್ದರು.

ಬಾಗಿಲಾಚೆ ಮೈದುನ ಗೋಡೆಗೆ ಮುಖ ಮಾಡಿ, ಮೊಬೈಲಿನಲ್ಲಿ ಹೆಂಡತಿಯ ಜೊತೆ ಪಿಸುಗುಡುತ್ತಿದ್ದ.

“ಬಕೆಟ್ಟು, ಡ್ರಮ್ಮು, ಪಾತ್ರೆ, ಏನಿದ್ಯೋ ಎಲ್ಲಾದಕ್ಕೂ ನೀರು ತುಂಬಿಟ್ಕೋ. ಈಗ್ಲೇ. ಯಾಕೆ ಅಂತ ಕೇಳ್ಬೇಡ ಮಾರಾಯ್ತಿ... ಅತ್ತಿಗೆ ಮನೇದೂ ತುಂಬಿಸು.”