ಕೆಲಸದ ಸದ್ದು

"ಏಯ್, ಆ ಮೂಲೆಗೆ ಇನ್ನೊಂದು ಜಾಕಿ ಕೊಡ್ರೋ. ನಿಂತ್ಕೊಂಡೇ ನಿದ್ದೆ ಹೊಡೀತೀರಾ?" ಎಂದು ರೇಡಿಯೋ ಎಂಬ ಅಡ್ಡಹೆಸರಿನವನು ಗಂಟಲು ಹರಿಯುವಂತೆ ಕೂಗಿದ. ಕಂಬಿ ಮಾವ ಕಬ್ಬಿಣದ ತುಂಡೊಂದನ್ನು ಹಿಡಿದು, ನೆಲದ ಮೇಲೆ ಬಿದ್ದಿದ್ದ ದಪ್ಪ ಪೈಪಿಗೆ ಹದವಾಗಿ ಬಡಿಯತೊಡಗಿದ. ಇನ್ನಿಬ್ಬರು ಬಾಂಡ್ಲಿಗೆ ಜಲ್ಲಿ ತುಂಬಿ, ಅದನ್ನೇ ಮತ್ತೆ ನೆಲಕ್ಕೆ ಸುರಿದರು. ಇಷ್ಟು ಗದ್ದಲದ ನಡುವೆ ಬಡಗಿ ಒಂದು ಕಿವಿಗೆ ಬೆರಳು ತುರುಕಿ, ಇನ್ನೊಂದಕ್ಕೆ ಫೋನ್ ಒತ್ತಿ ಹಿಡಿದು, "ಹಾಂ, ಕೇಳಿಸ್ತಿದೆ ಹೇಳು. ಸ್ಲ್ಯಾಬ್ ಹಾಕ್ತಿದಾರೆ, ಅದಕ್ಕೇ ಗಲಾಟೆ," ಎಂದು ಹೆಂಡತಿಗೆ ಹೇಳಿದ.

ಸ್ಲ್ಯಾಬೂ ಇರಲಿಲ್ಲ, ಕೆಲಸವೂ ಇರಲಿಲ್ಲ. ಸ್ಲ್ಯಾಬಿಗೆ ಆಸರೆಯಾಗಿ ಜಾಕಿ ಕೊಡಬೇಕಾದ ಮೂಲೆಯಲ್ಲಿ ಯಾರದೋ ಬನಿಯನ್ನು ಒಣಗುತ್ತಿತ್ತು. ಅವರೆಲ್ಲ ನಿಂತಿದ್ದದ್ದು ತಾವು ಮಲಗುವ ತಗಡಿನ ಶೆಡ್ಡಿನ ಹಿತ್ತಿಲಲ್ಲಿ. ಇವರನ್ನು ಹೊರದೇಶಕ್ಕೆ ಕರೆತಂದ ಕಂಪನಿ ಮುಳುಗಿ ಎರಡು ತಿಂಗಳ ಮೇಲಾಗಿತ್ತು.

ಮುಳುಗಿತೆಂದು ಇವರಿಗೆ ಯಾರೂ ಬಂದು ಹೇಳಿರಲಿಲ್ಲ. ಒಂದು ಬೆಳಗ್ಗೆ ಕೆಲಸಕ್ಕೆ ಕರೆದೊಯ್ಯುವ ಬಸ್ಸು ಬರಲಿಲ್ಲ. ನಡೆದುಕೊಂಡೇ ಹೋದರೆ ಸೈಟಿನ ಗೇಟಿಗೆ ಹೊಸ ಬೀಗ, ಬೀಗದ ಮುಂದೆ ಬ್ಯಾಂಕಿನವರು ನಿಲ್ಲಿಸಿದ ಹೊಸ ಕಾವಲುಗಾರರು. ಆಫೀಸಿನಲ್ಲಿ ಕುರ್ಚಿ ಮೇಜು ಕೂಡ ಉಳಿದಿರಲಿಲ್ಲ. ಇವರ ಪಾಸ್‌ಪೋರ್ಟುಗಳಿದ್ದ ಕಪಾಟು ಮಾತ್ರ ಸೀಲು ಹಾಕಿಸಿಕೊಂಡು ಗೋಡೆಗೆ ಒರಗಿ ನಿಂತಿತ್ತು. ಸಂಬಳ ಕೇಳಿದರೆ ಮ್ಯಾನೇಜರು ಮೊದಲು "ನಾಳೆ" ಅಂದ, ಆಮೇಲೆ "ನೋಡೋಣ" ಅಂದ, ಕೊನೆಗೆ ಫೋನೇ ಎತ್ತದಾದ. ಶೆಡ್ಡಿನ ಕರೆಂಟು ಹೋಯಿತು. ಮೆಸ್ಸಿನವನು ಪಾತ್ರೆ ಪಗಡೆ ಕಟ್ಟಿಕೊಂಡು ಹೊರಟ. ಹೋಗುವಾಗ ಅರ್ಧ ಮೂಟೆ ಅಕ್ಕಿ ಬಿಟ್ಟು ಹೋದ, ಪುಣ್ಯಾತ್ಮ. ನೀರಿನ ಟ್ಯಾಂಕರು ಮನಸ್ಸು ಬಂದ ದಿನ ಬರುತ್ತಿತ್ತು. ಸೈಟಿನೊಳಗೆ ಉಳಿದ ತನ್ನ ಉಳಿ ಸುತ್ತಿಗೆಯ ಚೀಲ ಕೇಳಲು ಹೋದ ಬಡಗಿಯನ್ನು ಕಾವಲಿನವರು ಕತ್ತಿನ ಪಟ್ಟಿ ಹಿಡಿದು ದಬ್ಬಿದ್ದರು. ಹಸಿವೆಯನ್ನಾದರೂ ತಡೆದುಕೊಂಡಾನು, ತಾನು ಹಲಗೆ ಕಟ್ಟಿ ಮೇಲೆಬ್ಬಿಸಿದ ಕಟ್ಟಡದ ಬಾಗಿಲಲ್ಲೇ ಕಳ್ಳನ ಹಾಗೆ ಮಣ್ಣಿಗೆ ಬಿದ್ದದ್ದನ್ನು ಅವನು ಮರೆಯಲಾರದೆ ಹೋಗಿದ್ದ.

ಸದ್ದಿನ ಉಪಾಯ ಕಂಬಿ ಮಾವನದು. ಅವನು ಕಂಬಿ ಕಟ್ಟುವ ಕೆಲಸದವನು. ರಕ್ತಸಂಬಂಧ ಯಾರಿಗೂ ಇಲ್ಲದಿದ್ದರೂ ಎಲ್ಲರಿಗೂ ಮಾವ. ಊರಿನಲ್ಲಿ ಎಲ್ಲರದೂ ಒಂದೇ ಬೀದಿ, ಹೆಂಗಸರಿಗೆಲ್ಲ ಒಂದೇ ನಲ್ಲಿ. ಒಂದು ಮನೆಗೆ ಗೊತ್ತಾದರೆ ಕೊಡ ತುಂಬುವಷ್ಟರಲ್ಲಿ ಎಲ್ಲ ಮನೆಗೂ ಗೊತ್ತಾಗುತ್ತದೆ. "ಅವರಾದ್ರೂ ನೆಮ್ಮದಿಯಾಗಿ ನಿದ್ದೆ ಮಾಡ್ಲಿ," ಎಂದು ಮಾವ ಮೊದಲ ದಿನ ತಾನೇ ಪೈಪಿಗೆ ಬಡಿದಿದ್ದ. ಅಂದಿನಿಂದ ಅದೇ ಕಾನೂನಾಯಿತು. ಯಾರಿಗೆ ಊರಿನಿಂದ ಫೋನ್ ಬಂದರೂ ಉಳಿದವರು ಎದ್ದು ಕೆಲಸ ಮಾಡಬೇಕು. ಗಾರೆ ಕೆಲಸದ ರೇಡಿಯೋಗೆ ಆ ಹೆಸರು ಬಂದದ್ದೇ ಅವನ ಬಾಯಿ ಮುಚ್ಚದೇ ಇದ್ದುದರಿಂದ. ಎಲ್ಲರಿಗಿಂತ ಮೊದಲು ಓಡಿಹೋದ ಮೇಸ್ತ್ರಿಯ ದನಿಯನ್ನು ಅವನು ಎಷ್ಟು ಚೆನ್ನಾಗಿ ತೆಗೆಯುತ್ತಿದ್ದನೆಂದರೆ ಕೆಲವರು ಅಭ್ಯಾಸಬಲದಿಂದ ಬೆನ್ನು ಬಗ್ಗಿಸುತ್ತಿದ್ದರು. ಸಂಬಳ ಬರುತ್ತಿದ್ದಾಗಲೂ ಇಷ್ಟು ಶ್ರದ್ಧೆಯಿಂದ ದುಡಿದಿರಲಿಲ್ಲ ಎಂದು ತಮಗೆ ತಾವೇ ನಗುತ್ತಿದ್ದರು.

"ರೀ, ಒಂದು ವಿಷಯ," ಎಂದಳು ಹೆಂಡತಿ. "ತಮ್ಮನೂ ಅಲ್ಲಿಗೆ ಬರ್ತಾನಂತೆ."

"ಎಲ್ಲಿಗೆ?"

"ನಿಮ್ಮಲ್ಲಿಗೇ. ಏಜೆಂಟು ಬಂದಿದ್ದ. ನಿಮ್ಮ ಕಂಪನಿಗೆ ಇನ್ನೂ ಜನ ಬೇಕಂತೆ. ನಾಳಿದ್ದು ಬೆಳಗ್ಗೆ ತಮ್ಮ ಟೆಂಪೋ ಮಾರಿ ಏಜೆಂಟನ ಕೈಗೆ ದುಡ್ಡು ಕೊಡ್ತಾನೆ. ನಾನೂ ಮೊದಲು ಬೇಡ ಅಂದೆ. ಆಮೇಲೆ, ನೀವೂ ಜೊತೆಗಿರ್ತೀರಲ್ಲ ಅಂತ ಸುಮ್ಮನಾದೆ. ಮಾರೋಕೆ ಮುಂಚೆ ಭಾವನ ಬಾಯಿಂದ ಒಂದು ಮಾತು ಕೇಳ್ಬೇಕಂತೆ. ನಾಳೆ ಇದೇ ಹೊತ್ತಿಗೆ ಎಲ್ಲರೂ ಇಲ್ಲಿರ್ತಾರೆ, ಮಾತಾಡಿ."

ಬಡಗಿ ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ರೇಡಿಯೋ "ಸಿಮೆಂಟ್ ಎಲ್ರೋ, ಸಿಮೆಂಟ್" ಎಂದು ಅಬ್ಬರಿಸಿದ. ಹೆಂಡತಿ ನಕ್ಕಳು. "ಎಷ್ಟೊಂದು ಕೆಲಸ ನಿಮಗೆ. ಅಮ್ಮ ಈ ಸದ್ದು ಕೇಳೋಕೇ ಅಂತ ಫೋನ್ ಹತ್ರ ಬಂದು ಕೂರ್ತಾರೆ," ಎಂದು ಫೋನಿಟ್ಟಳು.

ವಿಷಯ ಕೇಳಿ ಯಾರೂ ನಗಲಿಲ್ಲ. ಬಾಂಡ್ಲಿ ಬೋರಲು ಹಾಕಿ ಅದರ ಮೇಲೆ ಕೂತ ರೇಡಿಯೋನೇ ಮೊದಲು ಬಾಯಿ ಬಿಟ್ಟ. "ನಿಜ ಹೇಳ್ಬಿಡು. ಟೆಂಪೋ ಹೋದ್ರೆ ಆ ಹುಡುಗನಿಗೆ ಇನ್ನೇನಿದೆ?"

"ಹೇಳು, ಹೇಳು," ಎಂದ ಕಂಬಿ ಮಾವ. ಅವನ ದನಿ ಮೆತ್ತಗಿತ್ತು. "ನಿನ್ನ ಮನೇಲಿ ಬೆಳಗ್ಗೆ ಹೇಳಿದ್ರೆ ಸಂಜೆ ನಲ್ಲಿ ಹತ್ರ ನನ್ನ ಹೆಂಡ್ತಿಗೆ ಗೊತ್ತಾಗುತ್ತೆ. ರಾತ್ರಿ ಗಂಡಿನ ಕಡೆಯವರಿಗೆ ಗೊತ್ತಾಗುತ್ತೆ. ಮಗಳನ್ನ ಮೂರು ಕಡೆಯಿಂದ ಬಂದು ನೋಡ್ಕೊಂಡು ಹೋದವರೆಲ್ಲ ಬೇಡ ಅಂದ್ರು. ಈಗೊಬ್ಬರು ಒಪ್ಪಿದಾರೆ. ಅಪ್ಪ ಹೊರದೇಶದಲ್ಲಿ ದುಡೀತಾನೆ ಅಂತ ಒಪ್ಪಿದಾರೆ. ಮುಂದಿನ ವಾರ ಮಾತುಕತೆ."

ಬಡಗಿ ತಲೆ ತಗ್ಗಿಸಿದ. ಮಾವನ ಮಗಳನ್ನು ಅವನು ಚಿಕ್ಕಂದಿನಿಂದ ಕಂಡವನು. ಅವಳ ಮದುವೆಗೆ ಮಂಚ ತಾನೇ ಮಾಡಿಕೊಡುತ್ತೇನೆಂದು ಮಾತು ಕೊಟ್ಟಿದ್ದ.

"ಬೇರೆ ಏನಾದ್ರೂ ಹೇಳು," ಎಂದ ಮಾವ. "ಬಿಸಿಲು ಜಾಸ್ತಿ ಅನ್ನು. ಊಟ ಸೇರಲ್ಲ ಅನ್ನು. ಕೆಲಸ ಇಲ್ಲ ಅಂತ ಮಾತ್ರ ಅನ್ಬೇಡ. ಮುಂದಿನ ವಾರದ ತನಕ."

"ಆಗ್ಲಿ ಮಾವ," ಎಂದ ಬಡಗಿ.

ಮರುದಿನ ರೇಡಿಯೋ ಪಂಕ್ಚರ್ ಅಂಗಡಿಯಲ್ಲಿ ಚಾರ್ಜಿಗಿಟ್ಟ ಫೋನನ್ನು ಬೇಗನೆ ತಂದ. ಫೋನ್ ಗಂಟೆ ಬಾರಿಸುತ್ತಿದ್ದಂತೆ ಎಲ್ಲರೂ ಅವರವರ ಜಾಗಕ್ಕೆ ಹೋದರು. ಪೈಪು ಮಾತಾಡಿತು, ಜಲ್ಲಿ ಸುರಿಯಿತು.

"ಸ್ಪೀಕರ್ ಹಾಕಿದೀನಿ ರೀ, ಎಲ್ಲರೂ ಇದೀವಿ," ಎಂದಳು ಹೆಂಡತಿ. ಅವಳ ಹಿಂದೆಯೇ ಗಂಡಸೊಬ್ಬನ ನಯವಾದ ದನಿ ಬಂತು. "ನಮಸ್ಕಾರ ಸಾರ್. ನಾನು ಏಜೆಂಟು. ನಾನೇನೂ ಹೇಳೋದೇ ಬೇಡ, ನಿಮ್ಮ ಮನೆಯವರೇ ಕಿವಿಯಾರೆ ಕೇಳ್ತಿದಾರೆ. ಕೇಳಿಸ್ತಾ ಅಮ್ಮ? ಕಂಪನಿ ಹೇಗೆ ನಡೀತಿದೆ ಅನ್ನೋಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ? ಈ ಬೀದೀಲಿ ಎಲ್ಲರಿಗೂ ನಾನು ಇದನ್ನೇ ಹೇಳೋದು, ಒಂದು ಸಲ ಫೋನಲ್ಲಿ ಕೇಳ್ನೋಡಿ ಅಂತ."

ಬಡಗಿಗೆ ಮೈ ಉರಿಯಿತು. ಮನೆಯವರ ನಿದ್ದೆಗೆಂದು ಬಡಿದ ಪೈಪು ಇವನ ಅಂಗಡಿಯ ಗಂಟೆಯಾಗಿತ್ತು. ಇನ್ನೆಷ್ಟು ಮನೆಗಳಲ್ಲಿ ಏನೇನು ಮಾರಾಟಕ್ಕೆ ಬಂದಿದೆಯೋ ಎಂದು ಹೆದರಿಕೆಯೂ ಆಯಿತು. ಆದರೂ ಮಾವನಿಗೆ ಕೊಟ್ಟ ಮಾತಿನಂತೆ, "ಇಲ್ಲಿ ಬಿಸಿಲು ಜಾಸ್ತಿ ಕಣೋ. ನಿನ್ನ ಕೈಲಿ ಆಗಲ್ಲ," ಎಂದು ಭಾಮೈದನಿಗೆ ಹೇಳಿದ.

"ಟೆಂಪೋಗೆ ಮೂಟೆ ಹೊತ್ತು ಹಾಕೋನಿಗೆ ಬಿಸಿಲಾ ಭಾವ?"

"ಊಟ ಸೇರಲ್ಲ."

"ನೀವು ತಿಂತಿಲ್ವಾ?"

ಬಡಗಿ ಮಾತು ತಿರುಗಿಸಿದ. "ನಿನ್ನ ಟೆಂಪೋ ಬಾಡಿಗೆ ಚೆನ್ನಾಗೇ ನಡೀತಿದೆಯಲ್ಲೋ. ಇದ್ದದ್ದನ್ನ ಯಾಕೆ ಮಾರ್ತೀಯ?"

ಭಾಮೈದ, "ಅರ್ಥ ಆಯ್ತು ಬಿಡಿ ಭಾವ," ಎಂದ. "ನೀವು ಸಂಪಾದಿಸಿದ್ರೆ ಸರಿ, ನಾನು ನಿಮ್ಮ ಸಮಕ್ಕೆ ಬರೋದು ಬೇಡ. ನೇರವಾಗೇ ಹೇಳ್ಬಹುದಿತ್ತು."

ಹೊರಡುವ ದಿನ ಬಡಗಿಯ ಪೆಟ್ಟಿಗೆ ಹೊತ್ತು ಬಸ್ಸಿನ ತನಕ ಬಂದವನು, ಕಿಟಕಿ ಹಿಡಿದುಕೊಂಡು ಅತ್ತವನು, ಇವತ್ತು ಹೀಗೆ ಮಾತಾಡಿದ. ಬಡಗಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ತನ್ನ ಮೇಲೇ ಅಸಹ್ಯವಾಯಿತು. ಹಿಂದೆ ತಿರುಗಿ, ಸಾಕೆಂದು ಕೈ ಬೀಸಿದ. ರೇಡಿಯೋ ಬೈಗುಳವೊಂದನ್ನು ಅರ್ಧಕ್ಕೇ ನುಂಗಿದ. ಜಲ್ಲಿ ಹೊತ್ತಿದ್ದವನು ತುಂಬಿದ ಬಾಂಡ್ಲಿಯೊಡನೆ ಹಾಗೇ ನಿಂತ. ಕಂಬಿ ಮಾವ ಮಾತ್ರ ಬೆನ್ನು ತಿರುಗಿಸಿಕೊಂಡು ಬಡಿಯುತ್ತಲೇ ಇದ್ದ.

"ಕೇಳು," ಎಂದ ಬಡಗಿ. "ಇಲ್ಲಿ ಕೆಲಸ ಇಲ್ಲ. ಕಂಪನಿ ಮುಳುಗಿ ಎರಡು ತಿಂಗಳಾಯ್ತು. ಸಂಬಳ ಇಲ್ಲ, ಪಾಸ್‌ಪೋರ್ಟ್ ಕೈಲಿಲ್ಲ. ಈ ಸದ್ದೆಲ್ಲ ಸುಳ್ಳು ಕಣೋ. ನಿಮಗೆ ಕೇಳಿಸ್ಲಿ ಅಂತ ನಾವೇ ಮಾಡೋದು."

ಏಜೆಂಟು ಗಹಗಹಿಸಿ ನಕ್ಕ. "ನೋಡಿದ್ರಾ, ಬರಬಾರದು ಅಂದ್ರೆ ಏನೆಲ್ಲ ಹೇಳ್ತಾರೆ. ಹಿಂದೆ ಕಂಬಿ ಬಡೀತಿರೋದು ಕೇಳಿಸ್ತಿಲ್ವಾ?"

ಕೇಳಿಸುತ್ತಿತ್ತು. ಟಣ್, ಟಣ್ ಎಂದು ಒಂದೇ ಲಯದಲ್ಲಿ, ಸ್ಪಷ್ಟವಾಗಿ ಕೇಳಿಸುತ್ತಿತ್ತು. ಹೆಂಡತಿ "ಏನ್ರೀ ಇದು, ಏನು ಹೇಳ್ತಿದೀರ?" ಎಂದು ಕಕ್ಕಾಬಿಕ್ಕಿಯಾಗಿ ಕೇಳಿದಳು.

"ಕಂಬಿ ಮಾವ ಅಲ್ಲೇ ಇದಾರಾ?" ಎಂದ ಭಾಮೈದ. "ಅವರ ಕೈಗೆ ಕೊಡಿ. ಅವರು ಏನು ಹೇಳ್ತಾರೋ ಅದನ್ನ ನಂಬ್ತೀನಿ."

ಬಡಗಿ ಮಾವನ ಮುಂದೆ ಹೋಗಿ ನಿಂತು ಫೋನ್ ಚಾಚಿದ. ಮಾವ ತಲೆಯೆತ್ತಲಿಲ್ಲ. "ಒಂದು ವಾರ ಕೇಳಿದ್ದೆ ನಿನ್ನ," ಎಂದ. ಅವನ ಕಣ್ಣು ತುಂಬಿತ್ತು, ಕೈ ನಿಂತಿರಲಿಲ್ಲ.

ಬಡಗಿ ಫೋನಿನ ಬಾಯಿಗೆ ಅಂಗೈ ಮುಚ್ಚಿದ. "ನೀವು ಬೇರೆ ಹೇಳಿದ್ರೂ ನಾನು ಬೇಜಾರು ಮಾಡ್ಕೊಳಲ್ಲ ಮಾವ. ನಿಮ್ಮ ಕಷ್ಟ ನನಗೆ ಗೊತ್ತು. ಆದ್ರೆ ಅವನು ಬಂದ್ರೆ ಇದೇ ಶೆಡ್ಡಿಗೆ ಬರ್ತಾನೆ. ನಿಮ್ಮ ಪಕ್ಕದ ಮಂಚ ಖಾಲಿ ಇದೆ, ಅಲ್ಲೇ ಮಲಗ್ತಾನೆ. ಬೆಳಗ್ಗೆದ್ದು ಅವನ ಮುಖ ನೀವೂ ನೋಡ್ಬೇಕು, ನಾನೂ ನೋಡ್ಬೇಕು."

ಮಾವ ಇನ್ನೆರಡು ಏಟು ಬಡಿದ. ಮೂರನೆಯದಕ್ಕೆ ಎತ್ತಿದ ಕೈಯನ್ನು ಹಾಗೇ ಇಳಿಸಿ, ಕಂಬಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬೆವರಿದ ಅಂಗೈಯನ್ನು ಪ್ಯಾಂಟಿಗೆ ಒರೆಸಿ, ಫೋನ್ ತೆಗೆದುಕೊಂಡು ಸ್ಪೀಕರ್ ಒತ್ತಿದ.

"ಬರಬೇಡ ಮಗ," ಎಂದ. "ನಿಮ್ಮ ಭಾವ ಹೇಳಿದ್ದು ನಿಜ. ಇಷ್ಟು ಹೊತ್ತು ಬಡೀತಿದ್ದವನು ನಾನೇ. ಸುಮ್ಮನೆ ಒಂದು ಪೈಪಿಗೆ ಬಡೀತಿದ್ದೆ. ಟೆಂಪೋ ಮಾರಬೇಡ."

ಆ ಕಡೆ ಕುರ್ಚಿ ಸರಿದ ಸದ್ದು, ಏಜೆಂಟನ ಏರಿದ ದನಿ, ಅದರ ಮೇಲೆ ಭಾಮೈದನ ದನಿ, ಬಾಗಿಲು ಬಡಿದದ್ದು. ಆಮೇಲೆ ಹೆಂಡತಿ ಒಬ್ಬಳೇ ಉಳಿದಳು. "ಊಟಕ್ಕೇನು ಮಾಡ್ತೀರಿ?" ಎಂದು ಕೇಳಿದಳು. ಬಡಗಿ ಮಾವನ ಕೈಯಲ್ಲಿದ್ದ ಫೋನಿಗೆ ಬಗ್ಗಿ, "ಒಂದು ಹೊತ್ತು ಆಗುತ್ತೆ," ಎಂದ. ಅವಳು ಅಳುವುದು ಎಲ್ಲರಿಗೂ ಕೇಳಿಸಿತು. ಇಷ್ಟು ದಿನ ಅದನ್ನೇ ತಪ್ಪಿಸಲು ಇಷ್ಟು ಜನ ಬೆವರು ಸುರಿಸಿದ್ದರು.

"ಮಾವ," ಎಂದಳು ಅವಳು ಕೊನೆಗೆ, ಮೂಗೊರೆಸಿಕೊಂಡು. "ಸಂಜೆ ನಲ್ಲಿ ಹತ್ರ ಅತ್ತೆ ಸಿಗ್ತಾರೆ. ನಾನು ಏನು ಹೇಳ್ಲಿ?"

"ನೀನೇನೂ ಹೇಳ್ಬೇಡ ತಾಯಿ. ನಾನೇ ಹೇಳ್ತೀನಿ."

ಫೋನ್ ನಿಂತ ಮೇಲೂ ಮಾವ ಅದನ್ನು ಹಿಂದೆ ಕೊಡಲಿಲ್ಲ. "ಕರೆನ್ಸಿ ಇದ್ಯಾ ಇದರಲ್ಲಿ?" ಎಂದು ಕೇಳಿದ.

"ನಾಲ್ಕು ಮಾತಿಗೆ ಸಾಕು," ಎಂದ ರೇಡಿಯೋ.

"ಅಷ್ಟೂ ಬೇಕಾಗಲ್ಲ," ಎಂದು ಮಾವ ಒಂದೊಂದೇ ಅಂಕಿ ಒತ್ತಿದ. ಕಂಬಿಯನ್ನು ನೆಲಕ್ಕಿಟ್ಟು ಪೈಪಿನ ಮೇಲೆ ಕೂತ. ಊರಿನ ಫೋನ್ ಗಂಟೆ ಹೊಡೆಯುವುದು ಸ್ಪೀಕರಿನಲ್ಲಿ ಹಿತ್ತಿಲಿಗೆಲ್ಲ ಕೇಳಿಸುತ್ತಿತ್ತು. ಎತ್ತಿದ್ದು ಮಗಳು.

"ಅಪ್ಪಾ? ಹೇಳಪ್ಪ."

"ಅಮ್ಮನ್ನೂ ಹತ್ರ ಕರಿ ಮಗಳೇ, ಒಂದು ವಿಷಯ ಹೇಳ್ಬೇಕು," ಎಂದ ಮಾವ. ಯಾರೂ ಅಲುಗಾಡಲಿಲ್ಲ. ಜಲ್ಲಿ ಹೊತ್ತವನು ಆಗಿನಿಂದಲೂ ತುಂಬಿದ ಬಾಂಡ್ಲಿ ಹಿಡಿದೇ ನಿಂತಿದ್ದ. ಅವನ ತೋಳು ನಡುಗುತ್ತಿತ್ತು, ಇಳಿಸಿದರೆ ಸದ್ದಾದೀತೆಂದು ಇಳಿಸಿರಲಿಲ್ಲ. ಬಡಗಿ ಬೆರಳ ತುದಿಯಲ್ಲಿ ನಡೆದು ಹೋಗಿ ಅದರ ಇನ್ನೊಂದು ಅಂಚಿಗೆ ಕೈ ಕೊಟ್ಟ. ಇಬ್ಬರೂ ಮಂಡಿಯೂರಿ, ಒಂದು ಜಲ್ಲಿಯೂ ಉರುಳದಂತೆ, ಅದನ್ನು ನಿಧಾನಕ್ಕೆ ನೆಲಕ್ಕೆ ಇಳಿಸಿದರು.