ನಿಂಬೆರಸಕ್ಕೆ ಬಿದ್ದ ಮುತ್ತು

ನಮ್ಮ ಅತ್ತೆ ಬಸವಂತಮ್ಮನಿಗೆ ಎರಡು ವಿಷಯಗಳಲ್ಲಿ ಎಂದೂ ಅನುಮಾನ ಬಂದದ್ದಿಲ್ಲ. ಮಾನ್ವಿಯ ಅಕ್ಕಿಯಂಥ ಅಕ್ಕಿ ಬೇರೆಲ್ಲೂ ಇಲ್ಲ. ಅವಳ ಕೊರಳಿನ ಮುತ್ತಿನ ಸರದಂಥ ಸರ ರಾಯಚೂರು ಜಿಲ್ಲೆಯಲ್ಲೇ ಇಲ್ಲ. ಸರವನ್ನು ಅವಳ ಅಣ್ಣ ಹೈದರಾಬಾದಿನಿಂದ ತಂದುಕೊಟ್ಟಿದ್ದನಂತೆ. ಮುತ್ತೆಲ್ಲ ಒಂದೇ ಅಳತೆ, ಒಂದೇ ಹೊಳಪು. ನೋಡಿದ ಕೂಡಲೇ ಅನುಮಾನ ಬರಬೇಕಾದದ್ದೇ ಅಲ್ಲಿ. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ನಾನು ದೇವದುರ್ಗದವಳು, ಹೆಸರು ಗದ್ದೆಮ್ಮ. ಎಪ್ಪತ್ತಾರನೇ ಇಸವಿಯಲ್ಲಿ ಮಾನ್ವಿಯ ಈ ಮನೆಗೆ ಸೊಸೆಯಾಗಿ ಬಂದಾಗ ನನ್ನ ಮೂಗಿನಲ್ಲಿದ್ದದ್ದು ಅಜ್ಜಿ ಪಕೀರಮ್ಮನ ನತ್ತು. ತಾಯಿಯಿಲ್ಲದ ನನ್ನನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದವಳು ಅವಳೇ. ಹೊರಡುವ ದಿನ ತನ್ನ ಮೂಗಿನಿಂದ ಬಿಚ್ಚಿ ನನ್ನ ಮೂಗಿಗೆ ಹಾಕಿದ್ದಳು. ಅದರಲ್ಲಿ ಇದ್ದದ್ದು ಒಂದೇ ಮುತ್ತು. ಅದೂ ತುಸು ಸೊಟ್ಟ, ತುಸು ಹಳದಿ.

ಮೊದಲ ವರ್ಷ ಅತ್ತೆ ಅದನ್ನು ನೋಡಿಯೂ ಸುಮ್ಮನಿದ್ದಳು. ನಾನು ಬಸುರಿಯಾಗಿ, ಏಳನೆಯ ತಿಂಗಳ ಕುಬಸಕ್ಕೆ ದಿನ ಗೊತ್ತಾದ ಮೇಲೆ ಬಾಯಿ ಬಿಟ್ಟಳು. ನತ್ತಿನ ಮುತ್ತು ನಕಲಿಯಂತೆ. ಕುಬಸಕ್ಕೆ ಅಜ್ಜಿ ಬಂದಾಗ ಹತ್ತು ಮಂದಿ ಹೆಂಗಸರ ಎದುರಿಗೆ ಅದನ್ನು ಅವಳ ಕೈಗೇ ವಾಪಸು ಕೊಡುತ್ತಾಳಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಹುಟ್ಟಿದಾಗಿನಿಂದ ಒಂದು ಸುಳ್ಳೂ ಆಡದ ನನ್ನ ಅಜ್ಜಿ ತುಂಬಿದ ಮನೆಯಲ್ಲಿ ಸುಳ್ಳಿ ಎನ್ನಿಸಿಕೊಳ್ಳಬೇಕೇ? ಬೇಕಾದರೆ ಪರೀಕ್ಷೆ ಮಾಡಿ, ಜೊತೆಗೆ ನಿಮ್ಮದನ್ನೂ ಮಾಡಿ ಎಂದುಬಿಟ್ಟೆ.

ಅತ್ತೆಗೆ ಒಡವೆ ಮಾಡುವ ಪತ್ತಾರರ ಮೇಲೆ ನಂಬಿಕೆಯಿಲ್ಲ. ಆದ್ದರಿಂದ ಪರೀಕ್ಷೆ ಮನೆಯಲ್ಲೇ ಆಗಬೇಕಾಯಿತು. ಪಕ್ಕದ ಮನೆಯ ರಂಜಾನಬಿಯ ತಂಗಿ ಹೈದರಾಬಾದಿನಲ್ಲಿದ್ದಳು. ಹೀಗಾಗಿ ಮುತ್ತಿನ ವಿಚಾರದಲ್ಲಿ ಓಣಿಗೆಲ್ಲ ರಂಜಾನಬಿಯೇ ಪಂಡಿತೆ. ಮುತ್ತನ್ನು ಮುಂದಿನ ಹಲ್ಲಿಗೆ ತಿಕ್ಕಬೇಕು, ಒಂದು ಗರಗರ ಅನ್ನುತ್ತದೆ, ಒಂದು ಜಾರುತ್ತದೆ ಎಂದಳು. ಅಸಲಿ ಯಾವುದು ಎಂದು ಕೇಳಿದರೆ, ತಂಗಿ ಅದನ್ನೂ ಹೇಳಿದ್ದಳು, ನೆನಪಿಲ್ಲ ಎಂದಳು.

ಅತ್ತೆಗೆ ಮುಂದಿನ ಹಲ್ಲುಗಳೇ ಇರಲಿಲ್ಲ. ನನ್ನ ಹಲ್ಲು ಎದುರು ಪಾರ್ಟಿಯದು, ನಡೆಯುವುದಿಲ್ಲ. ಕೊನೆಗೆ ಮಾವ ಮುದುಕಪ್ಪನನ್ನು ಕರೆದು ಕೂರಿಸಿದೆವು. ಮಾವ ಅಕ್ಕಿ ವ್ಯಾಪಾರದಲ್ಲಿ ತಲೆ ನರೆಸಿಕೊಂಡವನು. ಎಂಥ ಅಕ್ಕಿಯಾದರೂ ನಾಲ್ಕು ಕಾಳು ಕಡಿದು ದರ್ಜೆ ಹೇಳುವ ಅವನ ಹಲ್ಲಿಗೆ ಬಜಾರಿನಲ್ಲಿ ಬಹಳ ಮರ್ಯಾದೆಯಿತ್ತು. ಬಾಯಿ ಮುಕ್ಕಳಿಸಿ, ಕಣ್ಣು ಮುಚ್ಚಿ, ಎರಡನ್ನೂ ತಿಕ್ಕಿ ನೋಡಿದ. ನನ್ನದು ಗರಗರ ಅಂದಿತು, ಅತ್ತೆಯದು ಜಾರಿತು.

"ಗರಗರ ಅಂದ್ರ ಕಲ್ಲು ಅದ ಅಂತ," ಎಂದ ಮಾವ. "ಇದು ಮೂರನೇ ನಂಬರ್ ಮಾಲು."

ಮಾನ್ವಿಯಲ್ಲಿ ಈ ತೀರ್ಪಿಗೆ ಮೇಲ್ಮನವಿಯಿಲ್ಲ. ಇಲ್ಲಿನವರಿಗೆ ಹಲ್ಲಿಗೆ ಗರಗರ ಸಿಕ್ಕದ್ದೆಲ್ಲ ಕೆಟ್ಟದ್ದು, ಅದು ಅನ್ನವಾಗಲಿ ಮುತ್ತಾಗಲಿ. ಅತ್ತೆ ಸರ ಕೊರಳಿಗೆ ಹಾಕಿಕೊಂಡು ನೀರು ತರುವ ನೆಪದಲ್ಲಿ ಓಣಿಯನ್ನೆಲ್ಲ ಸುತ್ತಿ ಬಂದಳು.

ನಾನು ಬಿಡಲಿಲ್ಲ, ಇನ್ನೊಂದು ಪರೀಕ್ಷೆ ಆಗಲಿ ಎಂದು ಪಟ್ಟು ಹಿಡಿದೆ. ರಂಜಾನಬಿ ಮತ್ತೆ ಬಂದಳು. ನಿಂಬೆರಸದಲ್ಲಿ ಹಾಕಿಟ್ಟರೆ ಒಂದು ಕರಗುತ್ತದೆ, ಒಂದು ಕರಗುವುದಿಲ್ಲ ಎಂದಳು. ಯಾವುದು ಎಂದು ಈ ಸಲ ಯಾರೂ ಕೇಳಲಿಲ್ಲ, ಕೇಳಿ ಪ್ರಯೋಜನವೂ ಇರಲಿಲ್ಲ. ಗಟ್ಟಿಯಾಗಿ ನಿಲ್ಲುವುದೇ ಅಸಲಿ ಎಂದು ಅತ್ತೆ ಹೇಳಿದಳು, ಹೌದೆಂದು ನಾನೂ ಒಪ್ಪಿದೆ. ನತ್ತಿನ ಮುತ್ತನ್ನೂ ಸರದ ಒಂದು ಮುತ್ತನ್ನೂ ಬಿಡಿಸಿ ಒಂದೇ ಬಟ್ಟಲಿಗೆ ಹಾಕಿ ಮುಚ್ಚಿಟ್ಟೆವು. ಬಸುರಿ ಬಯಕೆ ನೋಡಿ, ಆ ರಸ ಕುಡಿದುಬಿಡಬೇಕು ಅನ್ನಿಸುತ್ತಿತ್ತು. ಅದಕ್ಕೆಂದೇ ಅತ್ತೆ ಮಾವನನ್ನು ಬಟ್ಟಲಿನ ಪಕ್ಕ ಕಾವಲು ಕೂರಿಸಿದಳು.

ಎರಡು ದಿನ ಬಿಟ್ಟು ಮುಚ್ಚಳ ತೆಗೆದರೆ ನನ್ನ ಮುತ್ತು ಇದ್ದದ್ದರಲ್ಲಿ ಅರ್ಧವಾಗಿತ್ತು. ಹೊಳಪೂ ಹೋಗಿ ಬೆಂದ ಬೇಳೆಯ ಹಾಗೆ ಕೂತಿತ್ತು. ಅತ್ತೆಯದು ಮಿರಮಿರ ಮಿಂಚುತ್ತಿತ್ತು. ನಾನು ಒಳಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟೆ. ಅಜ್ಜಿಗೇ ಯಾರೋ ಮೋಸ ಮಾಡಿದ್ದಾರೆ, ಪಾಪ ಅವಳಿಗೆ ಗೊತ್ತೇ ಇಲ್ಲ ಎಂದುಕೊಂಡೆ.

ಕುಬಸದ ದಿನ ಅಜ್ಜಿ ದೇವದುರ್ಗದ ಬಸ್ಸಿಳಿದು, ಹಸಿರು ಸೀರೆ, ಬುಟ್ಟಿ ತುಂಬ ಹೋಳಿಗೆ ಹೊರಿಸಿಕೊಂಡು ಬಂದಳು. ನನಗೆ ಉಡಿ ತುಂಬಿದ್ದಾಯಿತು, ಹಾಡಾಯಿತು, ಎಲ್ಲರೂ ಊಟಕ್ಕೆ ಕೂತರು. ಆಗ ಅತ್ತೆ ಹೇಳಿದ ಮಾತಿನಂತೆ ಎದ್ದು, ಆ ಅರ್ಧ ಮುತ್ತನ್ನೇ ಪೋಣಿಸಿದ್ದ ನತ್ತನ್ನು ಅಜ್ಜಿಯ ಅಂಗೈಯಲ್ಲಿಟ್ಟಳು. ನಿಮ್ಮ ಮುತ್ತು ನಿಂಬೆರಸದಲ್ಲಿ ಕರಗಿತು, ನಮ್ಮದು ಹಾಗೇ ಉಳಿಯಿತು ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಅಜ್ಜಿ ನತ್ತನ್ನು ತಿರುಗಿಸಿ ತಿರುಗಿಸಿ ನೋಡಿದಳು. ನಾನು ಎಲೆಯಿಂದ ಕಣ್ಣೆತ್ತಲಿಲ್ಲ.

ಆಗ ಬಾಯಿ ತುಂಬ ಹೋಳಿಗೆ ತುಂಬಿಕೊಂಡಿದ್ದ ರಂಜಾನಬಿ ತೊಡೆ ತಟ್ಟಿಕೊಂಡಳು.

"ಈಗ ನೆನಪಾತು ನೋಡ್ರಿ. ಕರಗೋದ ಅಸಲಿ. ಗರಗರ ಅನ್ನೋದೂ ಅಸಲಿ. ಗಾಜಿಂದು ಕರಗಂಗಿಲ್ಲ."

ಇಡೀ ಪಂಕ್ತಿ ತಲೆಯೆತ್ತಿ ಅತ್ತೆಯ ಕೊರಳು ನೋಡಿತು. ನನಗಾದ ಸಂತೋಷವನ್ನು ಏಕೆ ಮುಚ್ಚಿಡಲಿ, ಇನ್ನೆರಡು ಹೋಳಿಗೆ ಹಾಕಿಸಿಕೊಂಡೆ. ಅತ್ತೆಯ ಕೈ ಮಾತ್ರ ಸರದ ಮೇಲೆ ಹಾಗೇ ನಿಂತುಬಿಟ್ಟಿತ್ತು. ಅಣ್ಣ ತೀರಿಹೋಗಿ ಬಹಳ ವರ್ಷವಾಗಿತ್ತು, ಜಗಳ ಆಡೋಣವೆಂದರೂ ಅವನಿಲ್ಲ. ಆ ಮುಖ ನೋಡಿ ಮೂರನೆಯ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟೆ.

ಅಜ್ಜಿಯೇ ಬಾಯಿ ತೆರೆದಳು. "ಮುತ್ತು ಹೋದ್ರ ಹೋಗ್ಲಿ ಬಿಡ್ರಿ ಯವ್ವಾ. ನಮ್ಮ ಹುಡುಗೀನ ಮಾತ್ರ ಹುಳಿಯಾಗ ಹಾಕಿ ನೋಡಬ್ಯಾಡ್ರಿ."

ಮೊದಲು ನಕ್ಕದ್ದು ಮಾವ. ಆಮೇಲೆ ಎಲ್ಲರೂ ನಕ್ಕರು. ಅತ್ತೆ ನಗದೆ ಅಜ್ಜಿಯ ಕೈಯಿಂದ ನತ್ತು ಇಸಿದುಕೊಂಡು, ನನ್ನ ಗದ್ದ ಹಿಡಿದೆತ್ತಿ, ತಾನೇ ನನ್ನ ಮೂಗಿಗೆ ಹಾಕಿದಳು. ಬಹಳ ನೋವಾಯಿತು, ಆದರೂ ಮುಖ ಹಿಂದೆ ತೆಗೆಯಲಿಲ್ಲ.

ಅತ್ತೆ ಆ ಸರವನ್ನು ಕೊರಳಿನಿಂದ ತೆಗೆಯಲೇ ಇಲ್ಲ. ಅಣ್ಣ ತಂದದ್ದು, ಅಷ್ಟು ಸಾಕು ಎನ್ನುತ್ತಿದ್ದಳು. ಮುಂದೆ ನೀರಮಾನ್ವಿಯ ಎಲ್ಲಮ್ಮನ ಗುಡಿಯಲ್ಲಿ ಯಾರಾದರೂ ನನ್ನ ಮೂಗು ನೋಡಿ, ಇದೇನು ಅರ್ಧ ಮುತ್ತು ಎಂದು ಕೇಳಿದರೆ, ನಾನು ಬಾಯಿ ತೆರೆಯುವ ಮೊದಲೇ ಅವಳ ಉತ್ತರ ಬರುತ್ತಿತ್ತು.

"ನಮ್ಮ ಸೊಸಿ ಮುತ್ತು ಪರೀಕ್ಷಾ ಪಾಸ್ ಆಗ್ಯದ. ಪಾಸ್ ಆದಮ್ಯಾಲೆ ಇಷ್ಟಽ ಉಳದದ."