ಕಿವಿ ಮೇಷ್ಟ್ರ ಆಂಪ್ಲಿಫೈಯರ್

ಪಂಪು ತಯಾರಿಸುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಕಿವಿ ಮೇಷ್ಟ್ರೆಂದೇ. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಅವರ ವಿದ್ಯೆಯೆಲ್ಲ ಎಡಗಿವಿಯಲ್ಲಿತ್ತು. ಜೋಡಣೆ ಮುಗಿದ ಪ್ರತಿಯೊಂದು ಪಂಪೂ ಕೊನೆಯ ಪರೀಕ್ಷೆಗೆಂದು ಅವರ ಮೇಜಿಗೆ ಬರಬೇಕು. ಅದನ್ನು ಓಡಿಸಿ, ಮೊಳದುದ್ದದ ಉಕ್ಕಿನ ಸರಳಿನ ಒಂದು ತುದಿಯನ್ನು ಬೇರಿಂಗಿನ ಮೇಲೂ ಇನ್ನೊಂದನ್ನು ಎಡಗಿವಿಯ ಹಿಂದಿನ ಎಲುಬಿಗೂ ಒತ್ತಿ ಅವರು ಕಣ್ಣು ಮುಚ್ಚುವರು. ಒಳಗಿನ ಗುಂಡುಗಳಲ್ಲೊಂದರ ಮೈಮೇಲೆ ಕೂದಲೆಳೆಯಷ್ಟು ಗೀರಿದ್ದರೂ ಸರಳು ಅವರಿಗೆ ತಿಳಿಸಿಬಿಡುತ್ತಿತ್ತು. ಹಸಿರು ಚೀಟಿ ಕಟ್ಟಿದರೆ ಪಂಪು ಹೊರಗೆ, ಕೆಂಪು ಚೀಟಿ ಕಟ್ಟಿದರೆ ಮರಳಿ ಒಳಗೆ. ಆ ತೀರ್ಪಿನ ಮೇಲೆ ಮೇಲ್ಮನವಿ ಇರಲಿಲ್ಲ.

ಮನೆಯಲ್ಲೂ ಅದೇ ನ್ಯಾಯ. ಮದುವೆಯ ಹೊಸದರಲ್ಲಿ ಒಮ್ಮೆ ಅವರು ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿದೆಯೆಂದಾಗ ಹೆಂಡತಿ ಇಲ್ಲವೆಂದು ವಾದಿಸಿದ್ದಳು. ಅವರು ಎದ್ದುಹೋಗಿ ಒಣಗಿದ ಪಾತ್ರೆಯೊಂದನ್ನು ನಲ್ಲಿಯ ಕೆಳಗಿಟ್ಟು ಬಂದರು. ಬೆಳಗ್ಗೆ ಆಕೆ ಹೋಗಿ ನೋಡಿದಾಗ ಪಾತ್ರೆಯ ತಳ ಮುಳುಗಿತ್ತು. ಅಂದಿನಿಂದ ಆಕೆ ತನ್ನ ಶ್ರವಣವನ್ನು ನಂಬುವುದನ್ನೇ ಬಿಟ್ಟಳು. "ನಂದು ಬರೀ ಓಲೆ ಹಾಕೋಕೆ ಇರೋ ಕಿವಿ ಕಣೋ" ಎಂದು ತಮ್ಮನೆದುರು ನಗುತ್ತಿದ್ದಳು. ಪಕ್ಕದ ಬೀದಿಯಲ್ಲಿ ಬಣ್ಣದ ಅಂಗಡಿ ಇಟ್ಟಿದ್ದ ಆ ತಮ್ಮನೂ ಭಾವನ ಮಾತಿಗೆ ಎದುರಾಡಿದವನಲ್ಲ.

ಆಯುಷ್ಯದ ಬಹುಭಾಗವನ್ನು ಪರರು ಮಾಡಿದ ಯಂತ್ರಗಳ ತಪ್ಪು ಹಿಡಿಯುವುದರಲ್ಲೇ ಕಳೆದವರಿಗೆ, ತಾವೇ ಒಂದನ್ನು ಮಾಡಿ ಅದಕ್ಕೆ ಹಸಿರು ಚೀಟಿ ಕಟ್ಟಬೇಕೆಂಬ ಆಸೆ ಹುಟ್ಟಿದ್ದು ಅಸಹಜವೇನಲ್ಲ. ಅವರು ಆಂಪ್ಲಿಫೈಯರಿನ ಕಿಟ್ಟೊಂದನ್ನು ತರಿಸಿದರು. ಪೆಟ್ಟಿಗೆ ಬಿಚ್ಚಿದಾಗ ಊಟದ ಮೇಜು ತುಂಬಿಹೋಯಿತು. ಬಳೆಯಂತೆ ದುಂಡಗೆ ಸುತ್ತಿದ ಭಾರದ ಟ್ರಾನ್ಸ್‌ಫಾರ್ಮರ್, ಹಸಿರು ಬೋರ್ಡು, ಮಾತ್ರೆ ಡಬ್ಬಿಗಳಂಥ ಕೆಪಾಸಿಟರುಗಳು, ಬಣ್ಣಬಣ್ಣದ ಗೆರೆಗಳ ರೆಸಿಸ್ಟರುಗಳು, ಶಾಖ ಹೀರುವ ಅಲ್ಯೂಮಿನಿಯಂ ರೆಕ್ಕೆಗಳು.

"ಇದ್ಯಾವ ಅಡುಗೆ ರೀ, ಇಷ್ಟೊಂದು ಸಾಮಾನು?" ಎಂದಳು ಆಕೆ.

"ಮೌನದ ಅಡುಗೆ ಕಣೇ. ಹಾಡು ಯಾವ ಡಬ್ಬನಾದ್ರೂ ಹಾಡುತ್ತೆ. ಹಾಡಿಲ್ದಾಗ ಸುಮ್ನಿರೋದು ಒಳ್ಳೇದಕ್ಕೆ ಮಾತ್ರ ಗೊತ್ತು."

ಭಾನುವಾರದ ಮಧ್ಯಾಹ್ನಗಳು ಅದಕ್ಕೇ ಮೀಸಲಾದವು. ಆಕೆ ಗೆರೆಗಳ ಬಣ್ಣ ನೋಡಿ ರೆಸಿಸ್ಟರುಗಳನ್ನು ಬೇರ್ಪಡಿಸಿ ಬಟ್ಟಲುಗಳಲ್ಲಿ ತುಂಬುವಳು. ಅವರು ಒಂದೊಂದನ್ನೇ ಬೋರ್ಡಿನ ತೂತಿಗೆ ಇಳಿಸಿ, ಬಿಸಿ ಕಡ್ಡಿ ಮುಟ್ಟಿಸಿ ಬೆಸೆಯುವರು. ಬೆಸುಗೆಯ ಹೊಗೆ ದೀಪದ ಕೆಳಗೆ ಸುರುಳಿ ಬಿಚ್ಚುವಾಗ ಇಬ್ಬರೂ ಮಾತಿಲ್ಲದೆ ಕುಳಿತಿರುತ್ತಿದ್ದ ಆ ಹೊತ್ತು ಆಕೆಗೆ ಹಿತವಾಗಿತ್ತು. ಮಕ್ಕಳಿಲ್ಲದ ಆ ಮನೆಯಲ್ಲಿ ಇಬ್ಬರೂ ಒಂದೇ ವಸ್ತುವಿನ ಮೇಲೆ ಬಾಗಿ ಕುಳಿತದ್ದು ಅದೇ ಮೊದಲು.

ಕೊನೆಯ ತಂತಿ ಕೂಡಿಸಿದ ದಿನ ಭಾವಮೈದನನ್ನು ಊಟಕ್ಕೆ ಕರೆದಿದ್ದರು. ಎರಡು ಸ್ಪೀಕರುಗಳ ನಡುವೆ ಕುರ್ಚಿ ಹಾಕಿಕೊಂಡು, ಯಾವ ಹಾಡೂ ಹಚ್ಚದೆ, ಗುಂಡಿ ಒತ್ತಿದರು. ಸಣ್ಣ ದೀಪವೊಂದು ಹೊತ್ತಿತು. ಅವರು ಕಣ್ಣು ಮುಚ್ಚಿದರು. ಬಹಳ ಹೊತ್ತಾದ ಮೇಲೆ ಅವರ ಹುಬ್ಬು ಗಂಟಿಕ್ಕಿತು.

"ಗುಂಯ್ ಅಂತಿದೆ. ಕೇಳಿಸ್ತೇನೇ?"

ಆಕೆಗೆ ಏನೂ ಕೇಳಿಸಲಿಲ್ಲ. ಆದರೆ ನಲ್ಲಿಯ ನೀರೂ ಅಂದು ಕೇಳಿಸಿರಲಿಲ್ಲ. "ಹೂಂ, ಸ್ವಲ್ಪ" ಎಂದಳು.

"ಸ್ವಲ್ಪವೇನಕ್ಕ, ಜೇನುಗೂಡಿದ್ದ ಹಾಗಿದೆ!" ಎಂದ ತಮ್ಮ.

"ನೋಡು, ಬಣ್ಣದ ಡಬ್ಬ ತಟ್ಟಿ ತಟ್ಟಿ ಮರಗಟ್ಟಿರೋ ಇವನ ಕಿವಿಗೇ ಕೇಳಿಸ್ತಿದೆ" ಎಂದು ಮೇಷ್ಟ್ರು ನೊಂದುಕೊಂಡೇ ಗುಂಡಿ ಆರಿಸಿದರು.

ಕೈತೊಳೆಯುವಲ್ಲಿ ಆಕೆ ತಮ್ಮನನ್ನು ಮೆಲ್ಲಗೆ ಕೇಳಿದಳು: "ನಿಂಗೆ ನಿಜವಾಗ್ಲೂ ಕೇಳಿಸ್ತೇನೋ?"

"ಎಲ್ಲೀದಕ್ಕ! ಹೌದು ಅಂದ್ರೆ ಊಟಕ್ಕೆ ಬೇಗ ಏಳ್ತಾರೆ ಅಂತ ಅಂದೆ. ನಿಂಗೆ ಕೇಳಿಸ್ತಲ್ಲ?"

ಆಕೆ ಸೆರಗಿಗೆ ಕೈ ಒರೆಸಿಕೊಂಡಳು.

ಮುಂದಿನ ಭಾನುವಾರ ಬೋರ್ಡು ಬಿಚ್ಚಿದ್ದಾಯಿತು. ಅರ್ತಿಂಗ್ ತಂತಿಗಳು ಸ್ಥಳ ಬದಲಿಸಿದವು, ಟ್ರಾನ್ಸ್‌ಫಾರ್ಮರ್ ಮಗ್ಗುಲು ತಿರುಗಿತು, ಒಳಗಿನ ತಂತಿಗಳನ್ನೆಲ್ಲ ಜಡೆಯಂತೆ ಹೆಣೆದದ್ದಾಯಿತು. ಗುಂಯ್‌ಕಾರ ಹೋಗಲಿಲ್ಲ. ಹೊಸ ಟ್ರಾನ್ಸ್‌ಫಾರ್ಮರ್ ಬಂತು; ಹೋಗಲಿಲ್ಲ. ಒಂದು ಸಂಜೆ ಅವರಿಗೆ ಸದ್ದು ಫ್ರಿಜ್ಜಿನದೆಂದು ತೋರಿತು. ಅದನ್ನು ಎರಡು ದಿನ ಆರಿಸಿಟ್ಟದ್ದರಿಂದ ಹಾಲು ಒಡೆದದ್ದಷ್ಟೇ ಬಂತು. ಬಳಿಕ ಟ್ಯೂಬ್‌ಲೈಟಿನ ಸರದಿ. ಅದಾದ ಮೇಲೆ ಬೀದಿಯ ಕಂಬದ ಮೇಲಿದ್ದ ಟ್ರಾನ್ಸ್‌ಫಾರ್ಮರಿನ ವಿರುದ್ಧ ವಿದ್ಯುತ್ ಕಚೇರಿಗೆ ದೂರು ಹೋಯಿತು. ಲೈನ್‌ಮನ್ನನು ಬಂದು ಕಂಬಕ್ಕೆ ಕಿವಿಗೊಟ್ಟು, "ಹೌದು ಸಾರ್, ಸ್ವಲ್ಪ ಇದೆ, ಹೇಳ್ತೀನಿ" ಎಂದು ಹೋದ.

ಇಂದ್ರಿಯ ಮೋಸಮಾಡಿದಾಗ ಮನುಷ್ಯನಿಗೆ ಉಳಿಯುವ ಪ್ರಮಾಣ ಆಪ್ತರ ಮಾತೊಂದೇ. ಮೇಷ್ಟ್ರು ಆ ಪ್ರಮಾಣವನ್ನು ಕೇಳದೆ ಇರಲಿಲ್ಲ. ಪ್ರತಿ ಭಾನುವಾರವೂ ಕೇಳಿದರು. ಪ್ರತಿ ಭಾನುವಾರವೂ ಅವರಿಗೆ "ಹೂಂ" ಎಂಬ ಉತ್ತರವೇ ದೊರೆಯಿತು.

ಎರಡು ಬೇಸಿಗೆಗಳು ಕಳೆದವು. ಈ ನಡುವೆ ಎಡಗಡೆಯ ಸ್ಪೀಕರಿನ ದನಿ ಕುಗ್ಗಿದೆಯೆಂದು ಅವರು ಎರಡನ್ನೂ ಅದಲುಬದಲು ಮಾಡಿ ಕುಳಿತರು. "ಈಗಲೂ ಎಡಗಡೇದೇ ಕಮ್ಮಿ. ಅಂದ್ರೆ ದೋಷ ಸ್ಪೀಕರಿನದಲ್ಲ, ಬೋರ್ಡಿನದು" ಎಂದರು. ಆಕೆ ಬೋರ್ಡಿನ ತಂತಿಗಳನ್ನೂ ಅದಲುಬದಲು ಮಾಡಿಕೊಟ್ಟಳು. ಆಗಲೂ ಎಡಗಡೆಯದೇ ಕಮ್ಮಿ. ತಿರುಪುಳಿ ಹಿಡಿದಿದ್ದ ಆಕೆಯ ಕೈ ಅಲ್ಲಿಯೇ ನಿಂತಿತು. ಇನ್ನು ಅದಲುಬದಲು ಮಾಡದೆ ಉಳಿದದ್ದು ಕುರ್ಚಿಯಲ್ಲಿ ಕುಳಿತವರು ಮಾತ್ರ.

ಆ ಮೇಲೆ ಆಕೆ ಕಂಡದ್ದೆಲ್ಲ ಒಂದೇ ಕಡೆಗೆ ಬೆರಳು ತೋರಿಸಿತು. ಫೋನು ಬಂದರೆ ಅವರು ಬಲಗಿವಿಗೆ ಹಿಡಿಯುತ್ತಿದ್ದರು. ಎಡಗಡೆಯಿಂದ ಕರೆದರೆ ಬೇರೆಲ್ಲೋ ನೋಡುತ್ತಿದ್ದರು. ಹೊಸಿಲು ದಾಟುವಾಗ ಎರಡು ಸಲ ಆಯ ತಪ್ಪಿ ಬಾಗಿಲ ಚೌಕಟ್ಟು ಹಿಡಿದರು. ಹೇಳಬೇಕೆಂದು ಆಕೆಯ ನಾಲಿಗೆಯ ತುದಿಗೆ ಬಂದದ್ದು ಪ್ರತಿಸಲವೂ ಗಂಟಲಿಗಿಳಿಯಿತು. ಹೇಳುವುದೆಂದರೆ ಎರಡು ಮಾತು: ನಿಮ್ಮ ಕಿವಿ ಹೋಗುತ್ತಿದೆ, ಮತ್ತು ನಾನು ಇಷ್ಟು ಕಾಲವೂ ಸುಳ್ಳು ಹೇಳಿದೆ. ಮೊದಲನೆಯದು ಅವರ ಅನ್ನದ ಮಾತು. ಎರಡನೆಯದನ್ನು ಅವರು ಕ್ಷಮಿಸುವರೋ ಇಲ್ಲವೋ ಆಕೆ ಅರಿಯಳು.

ತಮ್ಮನ ಅಂಗಡಿಗೆ ಹೋಗಿ ಹೇಳಿಕೊಂಡಾಗ ಅವನು ಬಣ್ಣ ಕಲಕುತ್ತಲೇ, "ವಯಸ್ಸಾಗ್ತಾ ಎಲ್ರಿಗೂ ಹಾಗೇ ಅಕ್ಕ. ಈಗ ಹೋಗಿ ನಾವಿಬ್ರೂ ನಾಟಕ ಆಡಿದ್ವಿ ಅಂದ್ರೆ ಭಾವ ನನ್ನ ಹೊಸಿಲೂ ತುಳಿಯೋದಿಲ್ಲ. ಸುಮ್ನಿರು" ಎಂದ.

ಸುಮ್ಮನಿರಲು ಬಿಡದವರು ಕಾರ್ಖಾನೆಯ ಫೋರ್‌ಮನ್ನರು. ಒಂದು ಸಂಜೆ ಮೇಷ್ಟ್ರು ಪೇಟೆಗೆ ಹೋದ ಹೊತ್ತು ನೋಡಿ ಬಂದು, ಕೊಟ್ಟ ಕಾಫಿಯನ್ನು ಮುಟ್ಟದೆ ಕುಳಿತರು.

"ಅತ್ತಿಗೆ, ತಪ್ಪು ತಿಳ್ಕೋಬೇಡಿ. ಮೇಷ್ಟ್ರು ಈಗ ಮುಟ್ಟಿದ್ದಕ್ಕೆಲ್ಲ ಕೆಂಪು ಚೀಟಿ ಕಟ್ತಿದ್ದಾರೆ. ಎಲ್ಲದ್ರಲ್ಲೂ ಗುಂಯ್ ಅಂತಿದೆ ಅಂತಾರೆ."

"ಹಾಗಾದ್ರೆ ಪಂಪು ಹೊರಗೆ ಹೋಗ್ತಾನೇ ಇಲ್ವಾ?"

ಫೋರ್‌ಮನ್ನರು ತಲೆ ತಗ್ಗಿಸಿದರು. "ಹೋಗ್ತಿವೆ. ಅವರು ಮನೆಗೆ ಹೊರಟ ಮೇಲೆ ನಾವೇ ಚೀಟಿ ಬದಲಾಯಿಸ್ತೀವಿ. ಮರ್ಯಾದೆಗೆ ಅಂತ ಮಾಡಿದ್ವಿ ಅತ್ತಿಗೆ. ಆದ್ರೆ ಮೊನ್ನೆ ಬೇರಿಂಗ್ ಕಡಿದಿದ್ದ ಪಂಪೇ ಒಂದು ಹಾಗೇ ಹೋಗ್ಬಿಡ್ತು. ಅವರೇನೋ ಸರಿಯಾಗೇ ಕೆಂಪು ಕಟ್ಟಿದ್ರು. ಯಾವುದು ನಿಜವಾದ ಕೆಂಪು, ಯಾವುದಲ್ಲ, ನಮಗೀಗ ಹೇಗೆ ಗೊತ್ತಾಗ್ಬೇಕು?"

ಅವರು ಹೋದ ಮೇಲೆ ಆಕೆ ಆರಿದ ಕಾಫಿಯನ್ನು ಚೆಲ್ಲಿ ಲೋಟ ತೊಳೆದಳು. ಒಂದು ಕಿವಿಯ ಗೌರವ ಕಾಯಲು ಇಷ್ಟು ಜನ ಬಾಯಿ ಕಟ್ಟಿಕೊಂಡು ನಿಂತಿದ್ದರು, ಆ ಕಿವಿಯನ್ನು ವೈದ್ಯರ ಬಳಿಗೆ ಕರೆದೊಯ್ಯುವವರು ಒಬ್ಬರೂ ಇರಲಿಲ್ಲ.

ಆ ಭಾನುವಾರ ಮೇಷ್ಟ್ರು ಎಂದಿನಂತೆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತರು. ಆಕೆ ಆಂಪ್ಲಿಫೈಯರಿನ ಹಿಂದೆ ನೆಲದ ಮೇಲೆ ಕುಳಿತಳು.

"ಇದೆಯಾ?" ಎಂದಳು.

"ಇದೆ."

ಆಕೆ ಗುಂಡಿ ಆರಿಸಿದಳು. "ಈಗ?"

"ಇದೆ. ನೀನೇನು ಮಾಡ್ದೆ? ಏನೂ ವ್ಯತ್ಯಾಸ ಆಗಲಿಲ್ಲ."

ಆಕೆ ಗೋಡೆಯಿಂದ ಪ್ಲಗ್ಗನ್ನು ಕಿತ್ತಳು. ಒಂದೊಂದಾಗಿ ಸ್ಪೀಕರಿನ ತಂತಿಗಳನ್ನೂ ಬಿಡಿಸಿದಳು. ಕೊನೆಯದು ಬೇಗ ಬರಲಿಲ್ಲ. "ಈಗ ರೀ?"

"ಇದೆ ಅಂದ್ನಲ್ಲ! ಕಿವುಡೇನೇ ನೀನು?"

"ಕಣ್ಣು ಬಿಡಿ."

ಅವರು ಕಣ್ಣು ಬಿಟ್ಟರು. ಆಕೆಯ ಮಡಿಲಲ್ಲಿ ತಂತಿಗಳೆಲ್ಲ ಬಿದ್ದಿದ್ದವು. ಅವರು ತಂತಿಗಳನ್ನು ನೋಡಿದರು, ಆರಿದ ದೀಪವನ್ನು ನೋಡಿದರು, ಎಡಗೈಯನ್ನು ಮೆಲ್ಲಗೆ ಎತ್ತಿ ಕಿವಿ ಮುಚ್ಚಿದರು, ತೆಗೆದರು, ಮತ್ತೆ ಮುಚ್ಚಿದರು.

"ನಿಂಗೆ ಯಾವಾಗಿಂದ ಕೇಳಿಸ್ತಿಲ್ಲ?"

"ಮೊದಲಿಂದ್ಲೂ. ಒಂದು ದಿನವೂ ಕೇಳಿಸಿಲ್ಲ."

"ಹೂಂ ಅಂದ್ಯಲ್ಲ."

"ಅಂದೆ."

"ಪ್ರತಿಸಲ ಅಂದ್ಯಲ್ಲೇ."

ಆಕೆ ಅಳುತ್ತಿದ್ದಳು. ಅವರು ಗದರಲಿಲ್ಲ. ಗದರಿದ್ದರೆ ಆಕೆಗೆ ಎಷ್ಟೋ ಹಗುರಾಗುತ್ತಿತ್ತು.

ಆಸ್ಪತ್ರೆಯಲ್ಲಿ ತಲೆಯ ಚಿತ್ರ ತೆಗೆದರು. ವೈದ್ಯೆ ಅದನ್ನು ಬೆಳಕಿಗೆ ಹಿಡಿದು, ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ ಕುಳಿತ ಬಿಳಿಯ ಗಡ್ಡೆಯೊಂದನ್ನು ತೋರಿಸಿದರು. "ಕ್ಯಾನ್ಸರ್ ಅಲ್ಲ. ಆದ್ರೆ ಬಿಟ್ರೆ ಮಿದುಳನ್ನ ಒತ್ತುತ್ತೆ, ತೆಗೀಲೇಬೇಕು. ತೆಗೆದ್ರೆ ಈ ಕಿವಿ ಉಳಿಯೋದಿಲ್ಲ. ಮುಖದ ನರ ಪಕ್ಕದಲ್ಲೇ ಇದೆ, ಅದಕ್ಕೂ ಪೆಟ್ಟಾಗಬಹುದು. ಈ ಸದ್ದು ಯಾವಾಗ ಶುರುವಾಯ್ತು?"

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಆಕೆಯೇ ಹೇಳಬೇಕಾಯಿತು.

"ಅಯ್ಯೋ, ಅಷ್ಟು ಹಿಂದೇನಾ? ಆಗಲೇ ಬಂದಿದ್ರೆ ಕಿವಿ ಉಳಿಸೋಕೆ ಪ್ರಯತ್ನನಾದ್ರೂ ಮಾಡಬಹುದಿತ್ತು. ಮನೇಲಿ ಯಾರಿಗೂ ಅನುಮಾನ ಬರಲಿಲ್ವಾ?"

"ನಮ್ಮನೇಲಿ ಎಲ್ರಿಗೂ ಕೇಳಿಸ್ತಿತ್ತು ಡಾಕ್ಟ್ರೇ" ಎಂದರು ಮೇಷ್ಟ್ರು.

ಶಸ್ತ್ರಚಿಕಿತ್ಸೆಯಿಂದ ಜೀವ ಉಳಿಯಿತು. ಎಡಗಿವಿ ಸಂಪೂರ್ಣ ಹೋಯಿತು. ಎಡಗೆನ್ನೆ ಜೋತುಬಿದ್ದು, ಆ ಕಣ್ಣು ಮುಚ್ಚದಾಯಿತು. ಕಾರ್ಖಾನೆಯವರು ಪರೀಕ್ಷೆಯ ಮೇಜಿಗೆ ಒಂದು ಯಂತ್ರವನ್ನು ತಂದಿರಿಸಿ, ಅವರಿಗೆ ಉಗ್ರಾಣದಲ್ಲಿ ಕುಳಿತುಕೊಳ್ಳುವ ಕೆಲಸ ಕೊಟ್ಟರು. ಗುಂಯ್‌ಕಾರ ಮಾತ್ರ ಹೋಗಲಿಲ್ಲ. ಕೆಲವರಿಗೆ ಅದು ಉಳಿದುಬಿಡುತ್ತದೆಂದು ವೈದ್ಯೆ ಮೊದಲೇ ಹೇಳಿದ್ದರು.

ಅವರು ಈಗ ಯಾರನ್ನೂ ಬಯ್ಯುವುದಿಲ್ಲ. ನಂಬುವುದೂ ಇಲ್ಲ. ಹಾಲು ಆರಿದೆಯೆಂದು ಆಕೆ ಹೇಳಿದರೆ ಬೆರಳದ್ದಿ ನೋಡುವರು. ಬಾಗಿಲು ಬಡಿದ ಹಾಗಾಯಿತೆನ್ನುವರು. ಯಾರೂ ಇಲ್ಲವೆಂದು ಆಕೆ ಆಣೆಯಿಟ್ಟು ಹೇಳಿದರೂ ಗೋಡೆ ಹಿಡಿದು ನಡೆದುಹೋಗಿ, ಚಿಲಕ ತೆಗೆದು, ಬರಿದಾದ ಬೀದಿಯನ್ನು ನೋಡಿಕೊಂಡು ನಿಲ್ಲುವರು. ಭಾವಮೈದ ಬಂದು ಕಾಲು ಹಿಡಿದು ತಪ್ಪೊಪ್ಪಿಕೊಂಡಾಗ, "ಏಳಪ್ಪಾ, ಊಟ ಮಾಡ್ಕೊಂಡು ಹೋಗು" ಎಂದರು. ಅವನು ಕಣ್ಣೊರೆಸಿಕೊಂಡು, "ಭಾವ, ನೀವು ಮಾಡಿದ ಆ ಆಂಪ್ಲಿಫೈಯರಲ್ಲಿ ಎಳ್ಳಷ್ಟೂ ದೋಷ ಇರಲಿಲ್ಲ. ದೇವರಾಣೆಗೂ ಹೇಳ್ತೀನಿ" ಎಂದ. ಅವರು ಬಾಯಿಯ ಒಂದು ಮಗ್ಗುಲಿನಿಂದ ನಕ್ಕರು. "ಹೌದೇನೋ? ಜೇನುಗೂಡಿದ್ದ ಹಾಗಿದೆ ಅಂದಿದ್ಯಲ್ಲ" ಎಂದರು. ಅವನು ತಟ್ಟೆಯ ಮುಂದೆ ಕುಳಿತು ಅನ್ನ ಕಲಸುತ್ತಲೇ ಇದ್ದ.

ಅವನು ಹೋದ ಮೇಲೆ ಅವರು ತಾವಾಗಿಯೇ ತಂತಿಗಳನ್ನೆಲ್ಲ ಕೂಡಿಸಿ ಗುಂಡಿ ಒತ್ತಿದರು. ಕುರ್ಚಿಯಲ್ಲಿ ಕೂರಲಿಲ್ಲ. ಸ್ಪೀಕರಿನೆದುರು ಮೊಣಕಾಲೂರಿ, ಮುಚ್ಚಳದ ಬಟ್ಟೆ ಕಳಚಿ, ಸದ್ದಿಗೆ ಕಂಪಿಸುವ ಅದರ ಕಪ್ಪು ಕಾಗದದ ಮೇಲೆ ಅಂಗೈಯನ್ನು ಹಗುರಾಗಿ ಇಟ್ಟರು, ಮಲಗಿದವರ ಎದೆಯ ಮೇಲೆ ಇಡುವಂತೆ.

"ಏನಾದ್ರೂ ಕೇಳಿಸ್ತೇನೇ?"

"ಇಲ್ಲ ರೀ. ಏನೂ ಇಲ್ಲ."

ಅವರು ತಲೆಯಾಡಿಸಿದರು. ಕೈ ತೆಗೆಯಲಿಲ್ಲ.